ನಿಂತ ಹಡಗು, ಸತ್ತ ಹಡಗು

ಹಡಗಿಗೂ ವಯಸ್ಸಾಗುತ್ತೆ. ವಿಕ್ಟೋರಿಯಾ ರಾಣಿಯ ಕೊನೆಗಾಲದಲ್ಲಿ, 1899-1900ರಲ್ಲಿ, ಬ್ರಿಟನ್ ನೀರಿಗಿಳಿಸಿದ ಮೂರು ಅಕ್ಕತಂಗಿ ಕ್ರೂಸರ್‌ಗಳ ಹೆಸರು ಕ್ರೆಸ್ಸಿ, ಅಬೂಕಿರ್, ಹೋಗ್. ತಲಾ 12,000 ಟನ್, 21 ನಾಟ್ ವೇಗ. ಅಬೂಕಿರ್ ಮೆಡಿಟರೇನಿಯನ್‌ನಲ್ಲಿ ಮೆರೆಯಿತು, ಕ್ರೆಸ್ಸಿ ಚೀನಾದವರೆಗೂ ಹೋಯಿತು. ಅಷ್ಟರಲ್ಲಿ ಟರ್ಬೈನ್ ಎಂಜಿನ್‌ನ ಹೊಸ ಹಡಗುಗಳು ಬಂದವು. ಹತ್ತೇ ವರ್ಷಕ್ಕೆ ಈ ಮೂರೂ ಮೂಲೆಗುಂಪು!

1914ರಲ್ಲಿ ಯುದ್ಧ ಶುರುವಾದಾಗ ಇವಕ್ಕೆ ಮತ್ತೆ ಕರೆ ಬಂತು. ಸಿಬ್ಬಂದಿಯಲ್ಲಿ ಬಹುಪಾಲು ಮನೆಯಿಂದ ಕರೆಸಿಕೊಂಡ ಮೀಸಲು ನಾವಿಕರು, ಜೊತೆಗೆ ನೌಕಾ ಶಾಲೆಯ ಎಳೆ ಹುಡುಗರು. ಕೆಲಸ? ಹಾಲೆಂಡ್ ಕರಾವಳಿಯ ಆಚೆ ಗಸ್ತು. ನೌಕಾಪಡೆಯವರೇ ಈ ದಳವನ್ನು 'ಜೀವಂತ ಗಾಳ' ಅಂತ ಕರೀತಿದ್ರು. ಇವನ್ನು ಅಲ್ಲಿಂದ ತೆಗೆಯಬೇಕು ಅಂತ ನೌಕಾ ಸಚಿವ ಚರ್ಚಿಲ್ ಸೆಪ್ಟೆಂಬರ್ 18ರಂದು ಬರೆದದ್ದೂ ಉಂಟು. ಕಾಗದ ಕಚೇರಿಯಲ್ಲಿತ್ತು, ಹಡಗು ಸಮುದ್ರದಲ್ಲಿತ್ತು.

ಸೆಪ್ಟೆಂಬರ್ 22ರ ಬೆಳಗ್ಗೆ. ಬಿರುಗಾಳಿಗೆ ಹೆದರಿ ವಾಪಸಾಗಿದ್ದ ಬೆಂಗಾವಲು ಡಿಸ್ಟ್ರಾಯರ್‌ಗಳು ಇನ್ನೂ ಬಂದಿರಲಿಲ್ಲ. ಮೂರು ಕ್ರೂಸರ್‌ಗಳು ಸುಮಾರು 10 ನಾಟ್‌ನಲ್ಲಿ ನೆಟ್ಟಗೆ ಹೋಗ್ತಿದ್ದವು. ಕೆಳಗೆ ಒಟ್ಟೋ ವೆಡ್ಡಿಜನ್‌ನ ಯು-9 ಕಾಯ್ತಿತ್ತು. 500 ಟನ್ ಕೂಡ ಇಲ್ಲದ, ಸೀಮೆಎಣ್ಣೆ ಎಂಜಿನ್‌ನ ಸಬ್‌ಮರೀನ್ ಅದು.

ಮೊದಲ ಟಾರ್ಪಿಡೊ ಅಬೂಕಿರ್‌ಗೆ. ಕ್ಯಾಪ್ಟನ್ ಡ್ರಮಂಡ್ ಇದು ಸಮುದ್ರದ ಮೈನ್ ಅಂದುಕೊಂಡು, ಹತ್ತಿರ ಬನ್ನಿ ಅಂತ ಉಳಿದೆರಡಕ್ಕೆ ಸಂಕೇತ ಕೊಟ್ಟರು. ಎಂಜಿನಿಯರಿಂಗ್ ಓದಿದ ನನ್ನನ್ನು ಕಾಡುವುದು ಇಲ್ಲಿನ ವಿನ್ಯಾಸ. ಈ ಹಡಗುಗಳ ಕಲ್ಲಿದ್ದಲು ಗೂಡುಗಳು ಪಕ್ಕೆಗಳ ಉದ್ದಕ್ಕೂ ಇದ್ದವು. ಒಂದು ಪಕ್ಕೆ ಒಡೆದರೆ ನೀರೆಲ್ಲ ಅದೇ ಬದಿಗೆ ತುಂಬುತ್ತೆ. ಹಡಗು ಸಮವಾಗಿ ತಗ್ಗೋದಿಲ್ಲ, ವಾಲಿ ಮಗುಚುತ್ತೆ. ಅಬೂಕಿರ್‌ಗೆ ಆದದ್ದು ಇದೇ. ಅರ್ಧ ಗಂಟೆ ಸಾಕಾಯಿತು.

ಹೋಗ್‌ನ ಕ್ಯಾಪ್ಟನ್ ನಿಕೋಲ್ಸನ್‌ಗೆ ಇದು ಸಬ್‌ಮರೀನ್ ಕೆಲಸ ಅಂತ ಹೊಳೆದಿತ್ತು. ಪೆರಿಸ್ಕೋಪ್ ಕಾಣುತ್ತಾ ನೋಡಿ ಅಂತ ಕ್ರೆಸ್ಸಿಗೆ ಹೇಳಿದರು. ಆದರೂ ನೀರಲ್ಲಿದ್ದವರನ್ನು ಬಿಟ್ಟು ಓಡಲಿಲ್ಲ. ನಿಂತು, ತೇಲುವ ಮರಮುಟ್ಟೆಲ್ಲ ಎಸೆಸಿದರು. ಇದನ್ನು ದಡ್ಡತನ ಅನ್ನೋಕೆ ನನಗಂತೂ ಮನಸ್ಸು ಬರಲ್ಲ. ಎರಡು ಟಾರ್ಪಿಡೊ, ಹೋಗ್ ಮುಗೀತು. ಕ್ರೆಸ್ಸಿಯೂ ಜನರನ್ನು ಎತ್ತಿಕೊಳ್ಳಲು ನಿಂತಿತು. ಯು-9 ತನ್ನ ಬಳಿಯಿದ್ದ ಉಳಿದ ಮೂರನ್ನೂ ಹಾರಿಸಿತು. ಒಂದು ತಪ್ಪಿತು, ಎರಡು ಬಡಿದವು.

ಸುಮಾರು ಒಂದೂವರೆ ಗಂಟೆಯಲ್ಲಿ 1,459 ಸಾವು. ಬದುಕಿದ್ದು 837 ಜನ. ಅವರಲ್ಲಿ 15 ವರ್ಷದ ಕೆಡೆಟ್ ವೈಕಂ-ಮಸ್‌ಗ್ರೇವ್ ಒಬ್ಬ. ಅಬೂಕಿರ್ ಮುಳುಗಿದಾಗ ಈಜಿ ಹೋಗ್ ಸೇರಿದ, ಅಲ್ಲಿಂದ ಕ್ರೆಸ್ಸಿ, ಕೊನೆಗೆ ಹಲಗೆಯೊಂದನ್ನು ತಬ್ಬಿಕೊಂಡು ತೇಲಿದ!

ಆಮೇಲೆ ಲಂಡನ್‌ನಿಂದ ಕಟ್ಟಾಜ್ಞೆ ಹೊರಟಿತು: ಸಬ್‌ಮರೀನ್ ಇರುವ ಕಡೆ ಜೊತೆಯ ಹಡಗು ಮುಳುಗುತ್ತಿದ್ದರೂ ದೊಡ್ಡ ಹಡಗುಗಳು ನಿಲ್ಲಬಾರದು. ನಿಲ್ಲದೆ ಹೋಗಬೇಕಾದವರ ಕಿವಿಗೆ ನೀರಿನಿಂದ ಕೂಗುವವರ ದನಿ ಮಾತ್ರ ಕೇಳುತ್ತಲೇ ಇರುತ್ತಿತ್ತು.