ಗಣಕಗಳ ಜಾಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿ ತೆಂಗಿನಕಾಯಿಯು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಉಳಿದು, ಒಳಗಿನ ನೀರು ಇಂಗಿ, ಉಂಡೆ ಕೊಬ್ಬರಿಯಾಗುತ್ತದೆ. ವರ್ಷವೆಲ್ಲ ಕಾಯ್ದ ಆ ಕೊಬ್ಬರಿಯನ್ನು ರೈತನು ತಿಪಟೂರಿನ ಮಾರುಕಟ್ಟೆಗೆ ತಂದರೆ ಅದರ ಬೆಲೆಯು ಕೆಲವೇ ಗಂಟೆಗಳಲ್ಲಿ ನಿಶ್ಚಯವಾಗಿಬಿಡುತ್ತದೆ.

ಹಿಂದೆ ವರ್ತಕರು ತಮ್ಮ ದರವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. 2014ರಲ್ಲಿ ಕರ್ನಾಟಕವು ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿದ ಮೇಲೆ ದರಗಳು ಗಣಕಯಂತ್ರದ ಮೂಲಕ ಸಲ್ಲತೊಡಗಿದವು. ಅಂಗಡಿಯಲ್ಲಿ ಕುಳಿತ ವರ್ತಕನ ದರವು ದೂರದ ಕೇಂದ್ರ ಗಣಕವನ್ನು ಸೇರುವುದಾದರೂ ಹೇಗೆ?

ಒಂದು ಅಂಗಡಿಯ ಗಣಕಗಳು ತಂತಿಯಿಂದಲೋ ರೇಡಿಯೋ ಅಲೆಗಳಿಂದಲೋ ಕೂಡಿಕೊಂಡರೆ ಅದು ಸ್ಥಳೀಯ ಜಾಲ. ಅವನ್ನು ತಂತಿಗಳಿಂದ ಬೆಸೆಯುವ ಪೆಟ್ಟಿಗೆಗೆ ಸ್ವಿಚ್ ಎಂದು ಹೆಸರು. ಆ ಜಾಲದಿಂದ ಹೊರಗಿನ ಜಾಲಕ್ಕೆ ಸಂದೇಶವನ್ನು ದಾಟಿಸುವುದು ರೂಟರ್. ಇಂತಹ ಅಸಂಖ್ಯ ಜಾಲಗಳು ಒಂದಕ್ಕೊಂದು ಹೆಣೆದುಕೊಂಡುದೇ ಅಂತರಜಾಲ. ಭಾರತದ ಜನಸಾಮಾನ್ಯರಿಗೆ ಇದು ದೊರೆತದ್ದು 1995ರ ಆಗಸ್ಟ್ 15ರಂದು.

ದೆಹಲಿಗೆ ಕೊಬ್ಬರಿ ಕಳುಹಿಸುವ ವರ್ತಕನೊಬ್ಬನು ಸರಕನ್ನು ಹಲವು ಲಾರಿಗಳಿಗೆ ಹಂಚಿ, ಪ್ರತಿ ಚೀಲದ ಮೇಲೂ ವಿಳಾಸವನ್ನೂ ಕ್ರಮಸಂಖ್ಯೆಯನ್ನೂ ಬರೆಸಿದನೆನ್ನೋಣ. ಲಾರಿಗಳು ಯಾವ ದಾರಿಯಲ್ಲಿ ಹೋದರೂ, ಹಿಂದುಮುಂದಾಗಿ ತಲುಪಿದರೂ ಚೀಲಗಳನ್ನು ಕ್ರಮವಾಗಿ ಜೋಡಿಸಬಹುದು. ಜಾಲದಲ್ಲಿ ಸಂದೇಶವೂ ಹೀಗೆಯೇ ತುಂಡುತುಂಡಾಗಿ ಸಾಗುತ್ತದೆ. ಈ ತುಂಡುಗಳೇ ಪ್ಯಾಕೆಟ್ಟುಗಳು. ದರದ ಸಂದೇಶ ಚಿಕ್ಕದು, ಒಂದೆರಡರಲ್ಲೇ ಅಡಗೀತು; ಚಲನಚಿತ್ರವಾದರೆ ಲಕ್ಷಗಟ್ಟಲೆ ಬೇಕು. ಹಾದಿಯ ಪ್ರತಿಯೊಂದು ರೂಟರೂ ವಿಳಾಸವನ್ನೋದಿ ಮುಂದಿನ ದಾರಿಯನ್ನು ಆರಿಸುತ್ತದೆ. ಪ್ಯಾಕೆಟ್ಟು ಮುಟ್ಟಿತೆಂದು ಆಚೆಯ ಗಣಕವು ಮರುನುಡಿಯುತ್ತದೆ. ಮರುನುಡಿ ಬಾರದಿದ್ದರೆ ಈಚೆಯದು ಅದನ್ನೇ ಮತ್ತೆ ಕಳುಹಿಸುತ್ತದೆ. ಕಳೆದುಹೋದ ಕೊಬ್ಬರಿಗೆ ಈ ಭಾಗ್ಯವಿಲ್ಲ!

ಬೇರೆ ಬೇರೆ ಕಂಪನಿಗಳ ಯಂತ್ರಗಳು ಪರಸ್ಪರ ಅರಿಯಬೇಕಾದರೆ ಎಲ್ಲವೂ ಒಂದೇ ಕಟ್ಟಳೆಗೆ ಒಳಪಡಬೇಕು. ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ರೂಪಿಸಿದ ಟಿಸಿಪಿ/ಐಪಿ ಎಂಬ ಕಟ್ಟಳೆಯನ್ನು ಅಮೆರಿಕದ ಅರ್ಪಾನೆಟ್ ಜಾಲವು 1983ರ ಜನವರಿ 1ರಂದು ಅಳವಡಿಸಿಕೊಂಡಿತು. ಇಂದಿಗೂ ಅಂತರಜಾಲವು ನಡೆಯುತ್ತಿರುವುದು ಅದರ ಮೇಲೆಯೇ.

ಕೇಂದ್ರ ಗಣಕವು ಬಂದ ದರಗಳನ್ನು ಗುಟ್ಟಾಗಿರಿಸಿ, ಗಡುವು ಮುಗಿದೊಡನೆ ಪ್ರತಿಯೊಂದು ರಾಶಿಗೂ ಹೆಚ್ಚಿನ ದರವನ್ನು ಆರಿಸುತ್ತದೆ. ಒಪ್ಪುವುದೂ ಬಿಡುವುದೂ ರೈತನಿಗೆ ಸೇರಿದ್ದು. ಆದರೆ ಜಾಲದ ನಡುವೆ ದಾರಿಗಳು ಹಲವಿದ್ದರೂ ಅಂಗಡಿಯ ಬಾಗಿಲಿಗೆ ಬರುವ ತಂತಿ ಸಾಮಾನ್ಯವಾಗಿ ಒಂದೇ. ಗಡುವಿನ ವೇಳೆಗೆ ಅದು ಕಡಿದರೆ ಆ ವರ್ತಕನ ದರ ಕೇಂದ್ರವನ್ನು ಮುಟ್ಟುವುದಿಲ್ಲ. ರೈತನ ರಾಶಿಗೆ ಸ್ಪರ್ಧಿಯೊಬ್ಬನು ಕಡಿಮೆಯಾದಂತೆಯೇ ಸರಿ.