ಹಳೆಯ ಮೋಟಾರಿಗೆ ಹೊಸ ಕಾಯಿಲ್

ಮೋಟಾರಿನ ಬ್ಯಾಟರಿಯಲ್ಲಿರುವುದು 12 ವೋಲ್ಟ್. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕಾದರೆ ಹತ್ತು ಹದಿನೈದು ಸಾವಿರ ವೋಲ್ಟ್ ಬೇಕು. ಈ ಕೊರತೆಯನ್ನು ತುಂಬುವ ಪುಟ್ಟ ಡಬ್ಬಿಯೇ ಇಗ್ನಿಷನ್ ಕಾಯಿಲ್. ಗ್ಯಾರೇಜುಗಳಲ್ಲಿ ದುಡಿಯುವ ನಮ್ಮ ವಾಚಕರಿಗೆ ಇದು ಹೊಸದಲ್ಲ. ಆದರೂ ಅದನ್ನು ಬದಲಾಯಿಸುವಾಗ ಗಮನಿಸಬೇಕಾದ ಕೆಲವು ವಿಷಯಗಳಿವೆ.

ಕಾಯಿಲಿನೊಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ತಂತಿಗಳನ್ನು ಸುತ್ತಿರುತ್ತಾರೆ. ದಪ್ಪ ತಂತಿಗೆ ಕೆಲವು ನೂರು ಸುತ್ತು. ಕೂದಲಿನಂತಹ ತಂತಿಗೆ ಹಲವು ಸಾವಿರ. ಪಾಯಿಂಟುಗಳು ಕೂಡಿರುವಾಗ ದಪ್ಪ ತಂತಿಯಲ್ಲಿ ವಿದ್ಯುತ್ ಹರಿದು ಕಾಂತಶಕ್ತಿ ತುಂಬುತ್ತದೆ. ಪಾಯಿಂಟು ತೆರೆದೊಡನೆ ಆ ಶಕ್ತಿ ಕುಸಿದು, ತೆಳು ತಂತಿಯಲ್ಲಿ ಭಾರಿ ವೋಲ್ಟೇಜು ಹುಟ್ಟುತ್ತದೆ. ಇದು 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ತತ್ತ್ವ.

ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ 1962ರಿಂದ 1980ರ ವರೆಗೆ ತಯಾರಾದ ಎಂ.ಜಿ.ಬಿ. ಸ್ಪೋರ್ಟ್ಸ್ ಕಾರನ್ನೇ ತೆಗೆದುಕೊಳ್ಳೋಣ. ಅದರ ನಾಲ್ಕು ಸಿಲಿಂಡರಿನ ಎಂಜಿನು ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಸೆಕೆಂಡಿಗೆ 200 ಕಿಡಿ ಬೇಕು. ಒಂದೊಂದು ಕಿಡಿಗೂ ಸೆಕೆಂಡಿನ ಇನ್ನೂರನೆಯ ಒಂದು ಪಾಲಷ್ಟೇ ಸಮಯ. ಅಷ್ಟರಲ್ಲಿ ಕಾಯಿಲ್ ತುಂಬದಿದ್ದರೆ ಕಿಡಿ ಬಡವಾಗುತ್ತದೆ. ಬೇಗ ತುಂಬುವ 'ಸ್ಪೋರ್ಟ್ಸ್ ಕಾಯಿಲ್' ಪ್ರಯೋಜನಕ್ಕೆ ಬರುವುದು ಮುಖ್ಯವಾಗಿ ಇಲ್ಲಿಯೇ.

ಡಬ್ಬಿಯ ಮೇಲೆ '40,000 ವೋಲ್ಟ್' ಎಂದು ಅಚ್ಚು ಹಾಕಿದ್ದರೆ ಮರುಳಾಗಬೇಡಿ. ಪ್ಲಗ್ಗಿನ ಸಂದನ್ನು ಹಾರಲು ಎಷ್ಟು ಬೇಕೋ ಅಷ್ಟಕ್ಕೇ ವೋಲ್ಟೇಜು ಏರಿ ಕಿಡಿ ಹಾರಿಬಿಡುತ್ತದೆ. ಒಬ್ಬನೇ ಎತ್ತಬಲ್ಲ ಮೂಟೆಗೆ ನಾಲ್ವರು ಕೈ ಹಚ್ಚಿದರೆ ಮೂಟೆಯೇನೂ ದೊಡ್ಡದಾಗದು.

ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ದಪ್ಪ ಸುತ್ತಿನ ರೋಧ. ಮೊದಲಿನ ಎಂ.ಜಿ.ಬಿ.ಗಳ ಕಾಯಿಲಿಗೆ ಸುಮಾರು 3 ಓಮ್. 12 ವೋಲ್ಟಿಗೆ 4 ಆಂಪಿಯರ್ ಹರಿಯುತ್ತದೆ. ರಬ್ಬರ್ ಬಂಪರಿನ ನಂತರದ ಗಾಡಿಗಳಲ್ಲಿ 1.5 ಓಮಿನ ಕಾಯಿಲ್ ಇದ್ದು, ಉಳಿದ ರೋಧ ವೈರಿಂಗಿನೊಳಗೇ ಅಡಗಿರುತ್ತದೆ. ಈ 1.5 ಓಮಿನದನ್ನು ಹಳೆಯ ಗಾಡಿಗೆ ಹಾಕಿದರೆ 8 ಆಂಪಿಯರ್ ಹರಿದು ಪಾಯಿಂಟು ಸುಡುತ್ತದೆ, ಕಾಯಿಲ್ ಕಾಯುತ್ತದೆ, ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ತಿರುವುಮುರುವಾದರೆ ಕಿಡಿ ಮಂಕಾಗುತ್ತದೆ. ಆಗ ಮಾಲೀಕರ ಹಣವೂ ಹೋಯಿತು, ಕೆಲಸಗಾರನ ಹೆಸರೂ ಕೆಟ್ಟಿತು.

ಇನ್ನೊಂದು ಮಾತು. 1967ರ ವರೆಗಿನ ಎಂ.ಜಿ.ಬಿ.ಗಳಲ್ಲಿ ಬ್ಯಾಟರಿಯ ಧನ ತುದಿ ಬಾಡಿಗೆ ಸೇರಿರುತ್ತದೆ. ಅಂತಹ ಗಾಡಿಯಲ್ಲಿ ಕಾಯಿಲಿನ ಧನ ತುದಿಯ ತಂತಿ ಪಾಯಿಂಟಿನ ಕಡೆಗೆ ಹೋಗಬೇಕು. ಅದಲುಬದಲಾದರೂ ಎಂಜಿನು ಓಡೀತು. ಆದರೆ ಅಷ್ಟೇ ಕಿಡಿಗೆ ಹೆಚ್ಚು ವೋಲ್ಟೇಜು ಬೇಕಾಗುತ್ತದೆ.

ಆದ್ದರಿಂದ ಮೊದಲು ಪಾಯಿಂಟು, ಕಂಡೆನ್ಸರು, ಪ್ಲಗ್ಗು, ತಂತಿಗಳನ್ನು ಪರೀಕ್ಷಿಸಿರಿ. ಅನೇಕ ವೇಳೆ ದೋಷ ಅಲ್ಲಿಯೇ ಸಿಕ್ಕುತ್ತದೆ. ಬಳಿಕ ಕಾಯಿಲಿನ ತಂತಿಗಳನ್ನು ಕಳಚಿ ಮೀಟರಿನಿಂದ ರೋಧ ಅಳೆಯಿರಿ. ಬದಲಾಯಿಸಲೇಬೇಕಾದರೆ ಗಾಡಿಗೆ ಒಪ್ಪುವ ರೋಧದ್ದನ್ನೇ ಕೇಳಿ ಪಡೆಯಿರಿ. ಎಂಜಿನು ನಿಂತಿರುವಾಗ ಕೀಲಿ ತಿರುಗಿಸಿ ಬಿಟ್ಟಿರಬೇಡಿ. ಪಾಯಿಂಟು ಕೂಡಿದ್ದರೆ ಹೊಸ ಕಾಯಿಲೂ ಸುಟ್ಟೀತು.