ಮಂಗಟ್ಟೆ ಹಕ್ಕಿಯ ಬಾಣಂತನವೂ ನಮ್ಮ ಮರಗಸಿಯೂ

ಬೆಳಗಿನ ಹೊತ್ತು ತೋಟದ ನೆರಳು ಮರಗಳಲ್ಲಿ ಯಾರೋ ಕರ್ಕಶವಾಗಿ ನಕ್ಕಂತೆ ಕೂಗುವ, ಉದ್ದ ಬಾಗಿದ ಕೊಕ್ಕಿನ ಬೂದು ಹಕ್ಕಿಯನ್ನು ಬೆಳೆಗಾರ ಬಾಂಧವರೆಲ್ಲರೂ ಬಲ್ಲರು. ಅದೇ ಬೂದು ಮಂಗಟ್ಟೆ. ಕಾಗೆಗಿಂತ ತುಸು ದೊಡ್ಡದಾದ ಈ ಹಕ್ಕಿ ಪಶ್ಚಿಮ ಘಟ್ಟದ ಸೀಮೆಯನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲ.

ಇದರ ಬಾಣಂತನ ಬಹು ವಿಚಿತ್ರವಾದುದು. ಬೇಸಿಗೆಯ ಆರಂಭದಲ್ಲಿ ಹೆಣ್ಣು ಮರದ ಪೊಟರೆಯನ್ನು ಹೊಕ್ಕು, ತನ್ನ ಹಿಕ್ಕೆಯನ್ನೇ ಗಾರೆಯಂತೆ ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು ಮಾತ್ರ. ಹಾವು ಮೊದಲಾದ ಶತ್ರುಗಳಿಂದ ಇದೇ ರಕ್ಷಣೆ. ಒಳಗಿರುವಾಗ ಹೆಣ್ಣಿನ ರೆಕ್ಕೆಯ ಗರಿಗಳು ಉದುರಿ ಹೊಸದಾಗಿ ಬೆಳೆಯುತ್ತವೆ. ಸುಮಾರು ಮೂರು ತಿಂಗಳ ಕಾಲ ಗಂಡೇ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು, ಒಂದೊಂದಾಗಿ ಕಕ್ಕಿ ಉಣಿಸಬೇಕು. ಗಂಡು ಸತ್ತರೆ ಒಳಗಿನ ಸಂಸಾರಕ್ಕೆ ಉಪವಾಸವೇ ಗತಿ.

ಮರಕುಟಿಗದಂತೆ ಪೊಟರೆ ಕೊರೆಯುವ ಶಕ್ತಿ ಮಂಗಟ್ಟೆಗಿಲ್ಲ. ಹಳೆಯ ಮರದಲ್ಲಿ ತಾನಾಗಿ ಆದ ಪೊಟರೆಯೇ ಬೇಕು. ಅನುಕೂಲವಾದರೆ ವರ್ಷ ವರ್ಷವೂ ಅದಕ್ಕೇ ಬರುತ್ತದೆ. ನಾವು ಕೆಲಸಕ್ಕೆ ಬಾರದೆಂದು ಬಗೆಯುವ ಟೊಳ್ಳು ಮರ ಅದಕ್ಕೆ ಮನೆ.

ನಮ್ಮದೇ ತಪ್ಪೊಂದನ್ನು ಹೇಳಬೇಕು. 2018ರ ಮಾರ್ಚಿನಲ್ಲಿ ಟೊಳ್ಳಾದ ಮತ್ತಿ ಮರವೊಂದನ್ನು, ಬಿದ್ದರೆ ಗಿಡ ಹಾಳಾದೀತೆಂದು ಕಡಿಸಿದೆವು. ಉರುಳಿದ ಮೇಲೆ ನೋಡಿದರೆ ಪೊಟರೆಯಲ್ಲಿ ಸತ್ತ ತಾಯಿ, ಒಡೆದ ಮೊಟ್ಟೆಗಳು. ಗಂಡು ಮೂರು ದಿನ ಹಣ್ಣು ಕಚ್ಚಿಕೊಂಡು ಬಂದು ಅಲ್ಲೇ ಸುತ್ತಿತು.

ಅತ್ತಿ, ಬಸರಿ, ಗೋಳಿಯ ಹಣ್ಣು ತಿಂದು ದೂರ ದೂರಕ್ಕೆ ಬೀಜ ಬಿತ್ತುವ ಈ ಹಕ್ಕಿ ಕೂಲಿ ಕೇಳದ ಮಾಲಿ. ಸಿಲ್ವರ್ ಓಕ್ ನೆಟ್ಟಗೆ ಬೆಳೆದು ಮೆಣಸಿನ ಬಳ್ಳಿಗೂ ಮೋಪಿಗೂ ಆದೀತು, ನಿಜ. ಹಕ್ಕಿಯ ಹೊಟ್ಟೆಗೆ ಹಣ್ಣು ಕೊಡದು. 2020ರಲ್ಲಿ ಬೂದು ಮಂಗಟ್ಟೆಯನ್ನು ಅಪಾಯದ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು.

ಆದುದರಿಂದ ಮರಗಸಿಗೆ ಆಳು ಹತ್ತಿಸುವ ಮುನ್ನ ಒಮ್ಮೆ ತಲೆಯೆತ್ತಿ ನೋಡೋಣ. ಬುಡದಲ್ಲಿ ಹಿಕ್ಕೆ, ಹಣ್ಣಿನ ಬೀಜಗಳ ರಾಶಿ ಇದ್ದರೆ ಮೇಲೆ ಬಾಣಂತಿ ಇದ್ದಾಳೆಂದೇ ತಿಳಿಯಬಹುದು. ಮರಿ ಹಾರುವವರೆಗೆ ಆ ಮರವೊಂದನ್ನು ಬಿಟ್ಟು ಉಳಿದವನ್ನು ಕಸಿ ಮಾಡೋಣ. ತೋಟಕ್ಕೊಂದು ಬಸರಿಯನ್ನೋ ಅತ್ತಿಯನ್ನೋ ಉಳಿಸಿಕೊಂಡರೆ ನಮಗಾಗುವ ನಷ್ಟ ಅಲ್ಪ. ಅದಕ್ಕಾಗುವ ಉಪಕಾರ ದೊಡ್ಡದು.